ಮಾತುಳಿದ ಬೆಟ್ಟದಲ್ಲಿ ಸುಣ್ಣ ಕುದಿದ ಮಹಿಮೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ, ನದಿಗಳು ತಮ್ಮ ತಮ್ಮ ಪಾತ್ರಗಳನ್ನು ಆಗತಾನೇ ಆರಿಸಿಕೊಳ್ಳುತ್ತಿದ್ದ ಪುರಾತನ ಕಲ್ಪವೊಂದರಲ್ಲಿ, ಈಗ ಏಳುಗವಿ ಸಾಲೆಂದು ಹೆಸರಾಗಿರುವ ಈ ಶಿಲಾಮಯ ಪರ್ವತಶ್ರೇಣಿಯ ನಡುವಣ ಶಿಖರಕ್ಕೆ, ಎಲೆಗನೆಂಬ ವ್ಯಾಧನೊಬ್ಬನು ತೃಷಾರ್ತವಾದ ಕೃಷ್ಣಮೃಗವೊಂದನ್ನು ಬೆನ್ನಟ್ಟಿ ಬಂದು, ಮಧ್ಯಾಹ್ನದ ಪ್ರಖರಾತಪದಲ್ಲಿ, ಆನೆ ಮಲಗಿದಂತಿರುವ ಮಹಾಶಿಲೆಯ ಮುಂದೆ ಅದನ್ನು ಕಂಡು, ಕಿವಿಯವರೆಗೆ ಹೆದೆಯೆಳೆದು, ಬಾಣವು ಬಿಲ್ಲನ್ನು ಬಿಡುವ ಮುಂಚೆಯೇ "ಕೊಂದೆ!" ಎಂದು ಕೂಗಿದನು. ಬಾಣ ಹೋಗಿ ಬಂಡೆಗೆ ನಾಟಿತು. ಜಿಂಕೆ ತಲೆಯೆತ್ತಿ ಅವನನ್ನೊಮ್ಮೆ ನೋಡಿ, ಅಂಥದ್ದೇನೂ ಆಗಲಿಲ್ಲವೆಂಬಂತೆ, ಒಣಗಿದ ಆ ಬಂಡೆಯನ್ನೇ ನೀರಿದ್ದ ಹಾಗೆ ನೆಕ್ಕತೊಡಗಿತು.

ಬೇರೆ ಬೇಟೆಗಾರನಾಗಿದ್ದರೆ ಇನ್ನೊಂದು ಬಾಣ ಹೂಡುತ್ತಿದ್ದನು. ಅಥವಾ ಮನೆಗೆ ಹೋಗಿ ಬೇರೆ ಕಥೆ ಹೇಳುತ್ತಿದ್ದನು. ಎಲೆಗನು ಹಾಗೆ ಮಾಡದೆ ಬಿಲ್ಲನ್ನು ಕೆಳಗಿಟ್ಟು ಅಲ್ಲಿಯೇ ಕುಳಿತುಬಿಟ್ಟನು. ಜಿಂಕೆ ನನ್ನ ಕಣ್ಣಿಗೆ ಬಿದ್ದದ್ದು, ಬಾಣ ನನ್ನ ಕೈಯಿಂದ ಹೊರಟದ್ದು. ಇವೆರಡೂ ನನ್ನವೇ ಸರಿ, ಆದರೆ 'ಕೊಂದೆ' ಎಂಬುದು ಯಾರದು, ನನ್ನದಲ್ಲದ್ದನ್ನು ನನ್ನ ಬಾಯಿ ಹೇಗೆ ಆಡಿತು ಎಂದು ಚಿಂತಿಸುತ್ತ, ಮಳೆಗಾಲ ಕಳೆದು ಹುತ್ತ ಅವನ ಮೊಣಕಾಲಿಗೆ ಬರುವವರೆಗೂ ಕುಳಿತಿದ್ದು, ಕೊನೆಗೆ ಕಿರಾತಬೋಧ ಮುನಿಯಾಗಿ ಮೇಲೆದ್ದನು. ಅವನು ಕಂಡುಕೊಂಡ ತತ್ತ್ವವು ಬಲು ಸಣ್ಣದು, ಆದರೆ ಪಾಲಿಸುವುದಕ್ಕೆ ದುಸ್ಸಾಧ್ಯವಾದದ್ದು: ಮನುಷ್ಯನು ಆಡುವ ಮಾತಿನಲ್ಲಿ ಕರ್ತೃವೂ ಕರ್ಮವೂ ಅವನವು, ಕ್ರಿಯಾಪದವು ಮಾತ್ರ ಈಶ್ವರನದು, ಆದಕಾರಣ ಮುಮುಕ್ಷುವಾದವನು ಕ್ರಿಯಾಪದದವರೆಗೆ ಬಂದು ಅಲ್ಲಿ ನಿಂತು, ಬಲಗೈಯನ್ನು ಆಕಾಶಕ್ಕೆತ್ತಿ, ಉಳಿದದ್ದನ್ನು ಅವನ ಪಾದಕ್ಕೆ ಒಪ್ಪಿಸತಕ್ಕದ್ದು. ನಮ್ಮ ಭಾಷೆಯಲ್ಲಿ ಕ್ರಿಯಾಪದವು ವಾಕ್ಯದ ಕಟ್ಟಕಡೆಯಲ್ಲಿ ಬರುತ್ತದಾದ್ದರಿಂದ ಈ ವ್ರತವು ಇಲ್ಲಿ ಸಾಧ್ಯವಾಯಿತು. ಬೇರೆ ಕೆಲವು ದೇಶಗಳಲ್ಲಿ ಕ್ರಿಯಾಪದವನ್ನು ಮಾತಿನ ನಡುವೆಯೇ ತುರುಕುವವರಿದ್ದಾರೆ, ಅಂಥವರಿಗೆ ಕಿರಾತಬೋಧರ ಮೋಕ್ಷ ಸ್ವಲ್ಪ ದೂರ.

ಹೀಗೆ ಉಳಿಸಿದ ಮಾತಿನಿಂದ ಬೆಟ್ಟಕ್ಕೆ ಮಾತುಳಿದ ಬೆಟ್ಟವೆಂದೂ, ಬಾಣ ನಾಟಿದ ಶಿಲೆಗೆ ಅನುಕ್ತೇಶ್ವರನೆಂದೂ, ಮುನಿಯ ಶಿಷ್ಯಪರಂಪರೆಗೆ ಶೇಷಮಠವೆಂದೂ ಹೆಸರಾಯಿತು. ಇಲ್ಲಿ ಶೇಷವೆಂದರೆ ಉಳಿದದ್ದು. ಆದಿಶೇಷನಿಗೂ ಈ ಮಠಕ್ಕೂ ಯಾವ ಸಂಬಂಧವೂ ಇಲ್ಲದಿರುವುದರಿಂದ ಯಾತ್ರಿಕರು ದಯವಿಟ್ಟು ಹಾಲು ತರಬಾರದು. ತಂದ ಹಾಲನ್ನು ಮಠದ ಬೆಕ್ಕುಗಳು ಕುಡಿದು ಕೊಬ್ಬಿವೆ.

ಆ ಕಾಲದಲ್ಲಿ ಏಳುಗವಿ ಸಾಲಿನ ಒಂದೊಂದು ಗವಿಯಲ್ಲೂ ಒಂದೊಂದು ದರ್ಶನ ಬೇರೂರಿತ್ತು. ಉರಿಯುವುದು ಬತ್ತಿಯೋ ಎಣ್ಣೆಯೋ ಎಂದು ತಲೆಮಾರುಗಳಿಂದ ವಾದಿಸುತ್ತ ಕತ್ತಲೆಯಲ್ಲೇ ಕುಳಿತಿದ್ದ ಜ್ಯೋತಿರ್ಮಠ, ನೆರಳನ್ನು ತುಳಿಯದೆ ನಡೆಯುವ ಛಾಯಾವ್ರತಿಗಳು, ಇವರೆಲ್ಲ ಇದ್ದರು. ಪಕ್ಕದ ಶಿಖರದ ನಿರಹಂಕಾರ ಮಠದವರು 'ನಾನು' ಎಂಬ ಪದವನ್ನೇ ತ್ಯಜಿಸಿದ್ದರು. ಆದರೆ ಕನ್ನಡದಲ್ಲಿ 'ಬಂದೆ' ಎಂದರೆ ಸಾಕು, 'ನಾನು' ಇಲ್ಲದೆಯೂ ಮಾತು ಸುಖವಾಗಿ ಸಾಗುತ್ತದಾಗಿ, ಅವರ ಘೋರ ತಪಸ್ಸು ಯಾರ ಗಮನಕ್ಕೂ ಬರಲಿಲ್ಲ. ಈ ಎಲ್ಲ ಮಠಗಳ ಮೇಲೆ ಒಂದು ಮಹಾಸಭೆಯಿತ್ತು. ಅದಕ್ಕೆ ಒಂದೇ ಒಂದು ಕಟ್ಟಳೆಯಿತ್ತು. ಯಾವ ಮಠದ ಸಂನ್ಯಾಸಿಯು ತನ್ನ ಮಠದ ವ್ರತವನ್ನು ತಾನೇ ಮುರಿಯುವನೋ, ಆ ಮಠದ ದೀಪವನ್ನು ಆರಿಸಿ, ಬಾಗಿಲಿಗೆ ಕಲ್ಲು ಒಟ್ಟಿ, ಸಂನ್ಯಾಸಿಗಳನ್ನು ದಿಕ್ಕಿಗೊಬ್ಬರಂತೆ ಅಟ್ಟತಕ್ಕದ್ದು.

ಅಂಥ ಭಯದ ನಡುವೆಯೂ ಶೇಷಮಠದವರು ಬಹುಕಾಲ ವ್ರತಭಂಗವಿಲ್ಲದೆ ಬದುಕಿದರು. ಅಡಿಗೆಯವರು "ಸಾರಿಗೆ ಉಪ್ಪನ್ನು..." ಎಂದು ಕೈಯೆತ್ತಿದರೆ, ಹಾಕಿದ್ದೇನೆಂದು ತಿಳಿದು ಸುಮ್ಮನಿರುವವರೂ, ಹಾಕಬೇಕೆಂದು ತಿಳಿದು ಇನ್ನೊಂದು ಹಿಡಿ ಹಾಕುವವರೂ ಇದ್ದರು, ಊಟ ಹೇಗಿದ್ದರೂ ಅದು ಈಶ್ವರಸಂಕಲ್ಪವೆಂದು ಉಣ್ಣುತ್ತಿದ್ದರು. ಮಠದ ಬಾಗಿಲಿನ ಮೇಲೆ 'ಇಲ್ಲಿಗೆ ಬಂದವರು ಎಲ್ಲವನ್ನೂ' ಎಂದು ಕೆತ್ತಿ ಬಿಟ್ಟಿದ್ದಾರೆ. ಪಡೆಯುತ್ತಾರೆ ಎಂದು ಭಕ್ತರೂ, ಕಳೆದುಕೊಳ್ಳುತ್ತಾರೆ ಎಂದು ಭಕ್ತರ ಮನೆಯವರೂ ಓದಿಕೊಳ್ಳುತ್ತಾರೆ. ನಗುವ ವಿಷಯಗಳು ಇವು. ಆದರೆ ಸಾಯಂಕಾಲದ ಪ್ರಾರ್ಥನೆಯಲ್ಲಿ ಇಡೀ ಮಠ ಒಂದೇ ಕಂಠದಲ್ಲಿ "ಸ್ವಾಮೀ, ನಾವು ನಿನ್ನನ್ನು..." ಎಂದು ಹೇಳಿ, ಅಷ್ಟೂ ಕೈಗಳು ಒಟ್ಟಿಗೆ ಮೇಲೆದ್ದು, ಆ ನಂತರದ ನಿಶ್ಶಬ್ದವು ಕಣಿವೆಯನ್ನು ತುಂಬುತ್ತಿದ್ದಾಗ, ದಾರಿಹೋಕರು ಹೊರೆಯಿಳಿಸಿ ನಿಲ್ಲುತ್ತಿದ್ದರು, ದನಗಳು ಮೆಲುಕು ನಿಲ್ಲಿಸುತ್ತಿದ್ದವು. ಬಂಡೆಗೆ ಕಿವಿಯಿಟ್ಟರೆ ಒಳಗೆ ಜೇನುಹುಟ್ಟಿನಂತೆ ಏನೋ ಗುಂಯ್ಗುಡುತ್ತದೆಯೆಂದು ಕುರಿ ಕಾಯುವವರು ಹೇಳುತ್ತಿದ್ದರು. ಅದು ಏನೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಬೆಟ್ಟದ ಬುಡದಲ್ಲಿ, ಈಗ ಬಸ್ಸು ನಿಲ್ಲುವ ಜಾಗಕ್ಕೆ ಸಮೀಪದಲ್ಲಿ, ಸುಣ್ಣ ಸುಡುವವರ ಹಟ್ಟಿಯೊಂದಿತ್ತು. ಅಲ್ಲಿಯ ಕಾಟನೆಂಬವನು ವರ್ಷಕ್ಕೊಮ್ಮೆ ಮಠದ ಗೋಡೆಗೆ ಸುಣ್ಣ ಹೊತ್ತುಕೊಂಡು ಹೋಗುತ್ತಿದ್ದವನು, ಒಂದು ವರ್ಷ ಆ ಸಾಯಂಕಾಲದ ನಿಶ್ಶಬ್ದವನ್ನು ಕೇಳಿಬಿಟ್ಟನು. ಬುಟ್ಟಿ ಇಳಿಸಿದ ಮೇಲೂ ತಲೆಯ ಮೇಲೆ ಭಾರ ಉಳಿದವನಂತೆ ಮನೆಗೆ ಬಂದು, ಕೆಲವು ಕಾಲ ಸುಮ್ಮನೆ ಸುಣ್ಣದ ಕಲ್ಲು ಸುಡುವ ಗೂಡಿನ ಮುಂದೆ ಕುಳಿತಿದ್ದು, ಒಂದು ಬೆಳಿಗ್ಗೆ ಹೊಸಿಲಿನಾಚೆ ನಿಂತು ಹೆಂಡತಿ ಈರಬೊಮ್ಮಿಯ ಕಡೆಗೆ ತಿರುಗಿ, "ಬೊಮ್ಮೀ, ನಾನು ಹೋಗಿ..." ಎಂದನು.

ನಮ್ಮ ಜನ ಮನೆಯಿಂದ ಹೊರಡುವಾಗ 'ಹೋಗ್ತೀನಿ' ಎನ್ನುವುದಿಲ್ಲ, ಅದು ಅಪಶಕುನ. 'ಹೋಗಿ ಬರ್ತೀನಿ' ಎನ್ನುತ್ತಾರೆ. ಪಕ್ಕದ ಮನೆಗೆ ಹೆಪ್ಪು ತರಲು ಹೋಗುವವರೂ ಹಾಗೆಯೇ ಅನ್ನುತ್ತಾರೆ. ಅಷ್ಟು ರೂಢಿಯ ಮಾತಾದ್ದರಿಂದ, ಕೈಯಲ್ಲಿ ಹಿಟ್ಟು ಕಲಸುತ್ತಿದ್ದ ಬೊಮ್ಮಿಯ ಕಿವಿಯು 'ಹೋಗಿ'ಯನ್ನು ಕೇಳಿ, ಉಳಿದದ್ದನ್ನು ತಾನೇ ತುಂಬಿಕೊಂಡಿತು. "ಹೂಂ, ಬೇಗ ಬಾ" ಎಂದು ಅವಳು ತಲೆಯೆತ್ತದೆ ಹೇಳಿದಳು. ಸಂಜೆ ಅವನ ಪಾಲಿನ ಮುದ್ದೆಯನ್ನು ಮುಚ್ಚಿಟ್ಟಳು. ಮುದ್ದೆ ಬಿರಿದು ಕಲ್ಲಾದ ಮೇಲೆ, ಅವನು 'ಹೋಗಿ' ಎಂದು ಕೈಯನ್ನು ಆಕಾಶಕ್ಕೆತ್ತಿದ್ದು ತನ್ನ ಕಣ್ಣಂಚಿಗೆ ಬಿದ್ದದ್ದನ್ನೂ, ತಾನು ಅದನ್ನು ಸೂರಿನ ಹಂಚು ನೋಡುತ್ತಿದ್ದಾನೆಂದು ತಿಳಿದದ್ದನ್ನೂ ನೆನೆದು, ಒಲೆಯ ಮುಂದೆ ಹಾಗೆಯೇ ಕುಸಿದಳು.

ಕಾಟನು ಕ್ರೂರಿಯಲ್ಲ. ತನಗೆ ದೊರೆತ ಪರಮತತ್ತ್ವವನ್ನೇ ಹೆಂಡತಿಗೆ ಕೊಟ್ಟು ಹೊರಟೆನೆಂದು ಅವನು ನಂಬಿದ್ದನು. ಮಹಾತತ್ತ್ವಗಳನ್ನು ಹೊಸಿಲಲ್ಲಿ ನಿಂತು ಪ್ರಯೋಗಿಸುವವರು ಮಾಡುವ ತಪ್ಪೇ ಅದು.

ಸುಣ್ಣದವರಲ್ಲಿ ಗೂಡು ಹೊತ್ತಿಸುವುದಕ್ಕೆ ಒಂದು ಹೆಸರು ಬೇಕು. ಗಂಡ ಹೊರಗೆ ಹೋಗಿದ್ದರೆ ಹೆಂಡತಿ ಅವನ ಹೆಸರು ಹೇಳಿ ಬೆಂಕಿಯಿಡಬಹುದು. ಗಂಡ ಇಲ್ಲವೆಂದಾದರೆ ಕುಲದ ನ್ಯಾಯ ಹೇಳುವ ಕಟ್ಟೆಮನೆಯವರು ಅವಳ ಕಾಲುಂಗುರ ತೆಗೆಸಿ, ಅವಳದೇ ಹೆಸರಿಗೆ ಗೂಡು ಮಾಡಿಕೊಡಬಹುದು, ಬೇಕೆಂದರೆ ಕೂಡಿಕೆಯೆಂಬ ಮರುಮದುವೆಯನ್ನೂ ಮಾಡಿಸಬಹುದು. ಬೊಮ್ಮಿ ಎರಡೂ ಅಲ್ಲದವಳಾಗಿ ಕಟ್ಟೆಯ ಮುಂದೆ ನಿಂತಳು.

"ಹೋಗಿ ಅಂದನಂತೆ. ಹೋಗಿ ಬರ್ತೀನಿ ಅಂದನೋ, ಹೋಗಿ ಬರಲ್ಲ ಅಂದನೋ?" ಎಂದು ಕಟ್ಟೆಯ ಯಜಮಾನ ಕೇಳಿದನು.

"ಹೋಗಿ ಅಂದ. ಅಷ್ಟೇ."

"ಅಷ್ಟೇ ಅಂದ್ರೆ ಹೆಂಗವ್ವಾ? ಅದು ಮಾತಲ್ಲ, ಮಾತಿನ ಮುಂಡ. ನಾವು ಯಾವುದರ ಮೇಲೆ ನ್ಯಾಯ ಹೇಳೋದು?"

ಕಾಟನ ತಾಯಿ ಚೌಡವ್ವ ಅಲ್ಲಿಯೇ ಕಂಬಕ್ಕೊರಗಿ ಎಲೆ ಮೆಲ್ಲುತ್ತಿದ್ದಳು. "ನನ್ನ ಮಗನೇ, ಆದ್ರೂ ಹೇಳ್ತೀನಿ ಯಜಮಾನ್ರೇ, ಅವನು ಹುಟ್ಟಿದಾಗಲೂ ಅರ್ಧ ಅತ್ತು ಸುಮ್ಮನಾದೋನು. ಉಳಿದರ್ಧ ಇವತ್ತಿಗೂ ಬಾಕಿ ಐತೆ. ಈ ಹುಡುಗೀನ ಯಾಕೆ ಬಿಸಿಲಲ್ಲಿ ನಿಲ್ಲಿಸ್ತೀರಿ?" ಎಂದಳು. ಜನ ನಕ್ಕರು. ಯಜಮಾನನೂ ನಕ್ಕನು. ಆದರೆ ನ್ಯಾಯ ಮಾತ್ರ ಅಲ್ಲಾಡಲಿಲ್ಲ: ಕಾಟನ ಬಾಯಿಂದ ಮಾತು ಪೂರ್ತಿಯಾಗುವವರೆಗೆ ಆ ಗೂಡಿಗೆ ಯಾರೂ ಬೆಂಕಿಯಿಡಕೂಡದು.

ಸುಣ್ಣದ ಗೂಡು ತಣ್ಣಗಾಯಿತು. ಅದರ ಬಾಯಲ್ಲಿ ಮೊದಲು ಜೇಡ ಬಲೆ ಕಟ್ಟಿತು, ಆಮೇಲೆ ಕೋಳಿ ಮೊಟ್ಟೆಯಿಟ್ಟಿತು. ಮಾಡಲು ಕೆಲಸವಿಲ್ಲದ ಬೊಮ್ಮಿಯ ಕೈಗಳು ಸುಮ್ಮನೆ ಮಡಿಲಲ್ಲಿ ಬಿದ್ದಿರುತ್ತಿದ್ದವು. ಒಂದು ದಿನ ಚೌಡವ್ವ ಆ ಕೈಗಳನ್ನೇ ನೋಡುತ್ತಿದ್ದು, "ಹೋಗೇ, ಮಠಕ್ಕೆ ಹೋಗಿ ಕೇಳ್ಕೊಂಡು ಬಾ. ಬರ್ತೀನಿ ಅಂದ್ರೂ ಸರಿ, ಬರಲ್ಲ ಅಂದ್ರೂ ಸರಿ. ನನಗೂ ತಿಳೀಲಿ, ನನ್ನ ಮಗ ಇದ್ದಾನೋ ಸತ್ತನೋ" ಎಂದಳು. ಗೂಡಿನಲ್ಲಿ ಹಿಂದಿನ ಸಲದ ಸುಟ್ಟ ಸುಣ್ಣದ ಕಲ್ಲು ಒಂದು ಬುಟ್ಟಿಯಷ್ಟು ಮಿಕ್ಕಿತ್ತು. ಹನಿ ನೀರೂ ತಾಕದಂತೆ ಬೊಮ್ಮಿ ಅದನ್ನು ಕಾಪಾಡಿಟ್ಟಿದ್ದಳು. ಹೆಂಗಸರಿಗೆ ತೆರೆಯದ ಮಠದ ಬಾಗಿಲು ಸುಣ್ಣಕ್ಕಾದರೂ ತೆರೆದೀತೆಂದು ಅದನ್ನು ತಲೆಯ ಮೇಲಿಟ್ಟುಕೊಂಡು, ಚೈತ್ರ ಕಳೆದು ಬಾವಿಗಳ ತಳ ಕಾಣುತ್ತಿದ್ದ ಆ ಕಾಲದಲ್ಲಿ, ಬೆಟ್ಟ ಹತ್ತಿದಳು.

ಬಾಗಿಲಲ್ಲಿದ್ದ ಸಂನ್ಯಾಸಿ ಅವಳನ್ನು ಕಂಡು, "ತಾಯಿ, ಯಾರನ್ನು..." ಎಂದು ಕೈಯೆತ್ತಿದನು.

"ಯಾರನ್ನು ಏನು? ಹುಡುಕ್ತಿದೀನೋ, ನೋಡ್ಬೇಕೋ, ಬಡೀಬೇಕೋ? ಪೂರ್ತಿ ಕೇಳಿ ಸ್ವಾಮಿ, ನಾಲಿಗೆ ಸವೆಯಲ್ಲ" ಎಂದು ಬೊಮ್ಮಿ ಬುಟ್ಟಿಯನ್ನು ಇಳಿಸಿ, ಅನುಕ್ತೇಶ್ವರ ಶಿಲೆಯ ಬುಡದಲ್ಲಿ, ಪುರಾತನ ಬಾಣದ ಗುರುತಿನ ಕೆಳಗೆ ಇಟ್ಟಳು. ತಾನೂ ಅದರ ಪಕ್ಕ ಕುಳಿತಳು. ಕಾಟನು ಆಡಿದ ಮಾತನ್ನು ಮುಗಿಸುವವರೆಗೆ ತಾನು ಏಳುವುದಿಲ್ಲ, ಉಣ್ಣುವುದಿಲ್ಲ, ನೀರು ಮುಟ್ಟುವುದಿಲ್ಲ ಎಂದು ಮೂರು ಕ್ರಿಯಾಪದಗಳನ್ನು ಒಂದೇ ಉಸಿರಿಗೆ ಹೇಳಿದಳು. ಬಾಗಿಲ ಸಂನ್ಯಾಸಿಗೆ ತಲೆಸುತ್ತು ಬಂದಂತಾಯಿತಂತೆ.

ಆಗ ಪೀಠದಲ್ಲಿದ್ದವರು ಪರಿಶೇಷ ಸ್ವಾಮಿಗಳು. ವೃದ್ಧರು, ಕೃಪಾಳುಗಳು, ಸಂನ್ಯಾಸಕ್ಕೆ ಬರುವ ಮುಂಚೆ ಊರೂರು ತಿರುಗಿ ಹರಟೆ ಹೊಡೆಯುತ್ತಿದ್ದವರು. ಬಿಸಿಲೇರುತ್ತಿದ್ದಂತೆ ತಾವೇ ಹೊರಗೆ ಬಂದು, ತಮ್ಮ ತಾಳೆಗರಿ ಕೊಡೆಯನ್ನು ಅವಳ ನೆತ್ತಿಯ ಮೇಲೆ ಹಿಡಿದು ನಿಂತರು.

"ತಾಯೀ, ಊಟವನ್ನಾದರೂ..."

"ಮಾಡಲ್ಲ."

"ಒಂದು ಗುಟುಕು ನೀರನ್ನು..."

"ಕುಡಿಯಲ್ಲ."

"ಈ ಬಿಸಿಲಿನಲ್ಲಿ ನೀನು..."

"ಸಾಯ್ತೀನಿ. ಅದನ್ನೂ ನಾನೇ ಹೇಳ್ಬೇಕಾ ಬುದ್ಧೀ?"

ಸ್ವಾಮಿಗಳು ಕೊಡೆಯನ್ನು ಇನ್ನಷ್ಟು ಅವಳ ಕಡೆಗೆ ವಾಲಿಸಿದರು. ಆಮೇಲೆ, ನಗುವೂ ಅಲ್ಲದ ನಿಟ್ಟುಸಿರೂ ಅಲ್ಲದ ದನಿಯಲ್ಲಿ, "ನಮ್ಮ ಮಾತುಗಳನ್ನೆಲ್ಲ ನೀನೇ... ಆ ಒಂದನ್ನು ಮಾತ್ರ..." ಎಂದರು.

"ಅದು ಅವನ ಮಾತು" ಎಂದಳು ಬೊಮ್ಮಿ. "ಅವನ ಬಾಯಿಂದಲೇ ಬರ್ಬೇಕು. ನಾನು ಒಂದು ಸಲ ತುಂಬಿಕೊಂಡು ಕೆಟ್ಟೆ."

ಧರ್ಮಸಂಕಟವು ಆ ಶಿಖರದ ಮೇಲೆ ಕಾರ್ಮುಗಿಲಿನಂತೆ ಕವಿಯಿತು. ಬಾಗಿಲ ಮುಂದೆ ಸ್ತ್ರೀಯೊಬ್ಬಳು ಬಾಯಾರಿ ಪ್ರಾಣ ಬಿಟ್ಟರೆ ಆ ಪಾತಕಕ್ಕೆ ಪ್ರಾಯಶ್ಚಿತ್ತವಿಲ್ಲ. ಅವಳನ್ನು ಉಳಿಸುವುದಕ್ಕೆ ಸಂನ್ಯಾಸಿಯೊಬ್ಬನು ಒಂದು ಕ್ರಿಯಾಪದವನ್ನಾಡಿದರೆ, ಕಿರಾತಬೋಧರಿಂದ ಉರಿದುಬಂದ ದೀಪವು ಮಹಾಸಭೆಯ ಒಂದೇ ಊದಿಗೆ ಆರಿಹೋಗುವುದು. ಸುದ್ದಿ ಹಬ್ಬಿ, ಅಕ್ಕಪಕ್ಕದ ಶಿಖರಗಳ ಮಠಸ್ಥರು ಛತ್ರಿ ಹಿಡಿದು ಬಂದು ಬಂಡೆಗಳ ಮೇಲೆ ಕುಳಿತರು. ಮಹಾಸಭೆಯವರು ದೀಪ ಆರಿಸುವ ಹಿತ್ತಾಳೆಯ ಮುಚ್ಚಳವನ್ನು ಮುಂಜಾಗ್ರತೆಯಾಗಿ ಜೊತೆಗೇ ತಂದಿದ್ದರು. ಹಟ್ಟಿಯವರೂ ಬಂದರು, ಚೌಡವ್ವನನ್ನು ಯಾರೋ ಬೆನ್ನ ಮೇಲೆ ಹೊತ್ತು ತಂದರು. ಬೊಮ್ಮಿಯ ತುಟಿಗಳು ಒಡೆದು ರಕ್ತ ಕಾಣುತ್ತಿತ್ತು. ಅವಳ ಕಣ್ಣುಗಳು ಮಾತ್ರ ಬಾಗಿಲನ್ನು ಬಿಡಲಿಲ್ಲ.

ಕೊನೆಗೆ ಕಾಟನು ಬಂದನು. ಈಗ ಅವನ ಹೆಸರು ಮಿತಬೋಧ. ಬೋಳಿಸಿದ ತಲೆ, ಕಾವಿಬಟ್ಟೆ. ಆದರೆ ಬೆರಳುಗಳ ಸಂದಿನಲ್ಲಿ ಸುಣ್ಣ ತಿಂದ ಹಳೆಯ ಗಾಯಗಳು ಹಾಗೆಯೇ ಇದ್ದವು. ಬೊಮ್ಮಿ ಮುಖವನ್ನು ನೋಡುವ ಮುಂಚೆ ಆ ಬೆರಳುಗಳನ್ನು ನೋಡಿದಳು.

"ಬಂದೆಯಾ. ಕೂಗಾಡಲ್ಲ, ಹೆದರಬೇಡ" ಎಂದಳು. ದನಿ ಒಣಗಿ ಕಡ್ಡಿಯಂತಾಗಿತ್ತು. "ನೀನು ಸಂನ್ಯಾಸಿಯಾಗು, ದೇವರಾಗು, ಏನಾದ್ರೂ ಆಗು. ಅವತ್ತು ಹೋಗಿ ಅಂದೆಯಲ್ಲ. ಹೋಗಿ ಏನು?"

ಕಾಟನ ತುಟಿಗಳು ಅಲುಗಿದವು. ಹಣೆಯಿಂದ ಬೆವರು ಇಳಿದು ಗಲ್ಲದಲ್ಲಿ ತೊಟ್ಟಿಕ್ಕಿತು. "ಬೊಮ್ಮೀ, ನನಗೆ..." ಎಂದನು. ಕೈ ಮೇಲೇಳಲಿಲ್ಲ. ಅವನು ವ್ರತಕ್ಕಾಗಿ ನಿಲ್ಲಿಸಿದ್ದಲ್ಲ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಹೊಸಿಲಲ್ಲಿ ನಿಂತಿದ್ದ ಆ ಬೆಳಿಗ್ಗೆಯೂ ತಿಳಿದಿರಲಿಲ್ಲ, ಈಗಲೂ ತಿಳಿದಿರಲಿಲ್ಲ. ಎಲ್ಲರ ವಾಕ್ಯಗಳನ್ನೂ ಮುಗಿಸಿದ್ದ ಬೊಮ್ಮಿ ಈ ವಾಕ್ಯವನ್ನು ಮುಗಿಸಲಿಲ್ಲ. ಅರ್ಥವಾಗದ್ದಕ್ಕಲ್ಲ. ಅರ್ಥವಾಗಿ ಅವಳ ತಲೆ ಮೆಲ್ಲಗೆ ಬಾಗಿ ಬಂಡೆಗೆ ತಾಗಿತು.

ಆಗ ಸೂರ್ಯನು ನೆತ್ತಿಗೆ ಬಂದಿದ್ದನು. ವ್ಯಾಧನು ಬಾಣ ಬಿಟ್ಟ ಅದೇ ಮುಹೂರ್ತ. ನೆರಳುಗಳೆಲ್ಲ ಪಾದಗಳೊಳಗೆ ಸೇರಿಕೊಂಡಿದ್ದವು, ಗಾಳಿ ನಿಂತಿತ್ತು, ಹದ್ದೊಂದು ಆಕಾಶಕ್ಕೆ ಮೊಳೆ ಹೊಡೆದಂತೆ ನಿಶ್ಚಲವಾಗಿತ್ತು. ಬೊಮ್ಮಿಯ ಹಣೆ ತಾಗಿದ ಶಿಲೆಯ ಒಳಗಿನಿಂದ, ಕುರಿಗಾಹಿಗಳು ಕೇಳಿದ್ದ ಆ ಗುಂಯ್ಗುಡುವಿಕೆಯು ಮೊದಲು ಜೇನಿನಂತೆ, ಆಮೇಲೆ ದೂರದ ಮಳೆಯಂತೆ, ಆಮೇಲೆ ಅಣೆಕಟ್ಟು ಒಡೆದ ಹೊಳೆಯಂತೆ ಏರುತ್ತ ಬಂದು, ಏಳೂ ಶಿಖರಗಳು ಕಾಲಡಿಯಲ್ಲಿ ನಡುಗಿ, ಪುರಾತನ ಬಾಣದ ಗುರುತಿನಿಂದ ಆರಂಭಿಸಿ ಬುಡದವರೆಗೆ, ಮಿಂಚು ಇಳಿದಂತೆ, ಆ ಮಹಾಶಿಲೆಯು ಬಿರಿಯಿತು.

ಬಿರುಕಿನಿಂದ ಹೊರಬಂದದ್ದು ಮಾತು.

ತಲೆತಲಾಂತರಗಳಿಂದ ಶೇಷಮಠದ ಸಾಧಕರು ಆಕಾಶಕ್ಕೆತ್ತಿ ಒಪ್ಪಿಸಿದ್ದ ಕ್ರಿಯಾಪದಗಳೆಲ್ಲವೂ, ಒಂದೂ ನಷ್ಟವಾಗದೆ, ಒಂದೂ ಬಾಡದೆ, ಒಪ್ಪಿಸಿದವರ ಕಂಠಗಳಲ್ಲಿಯೇ ಹೊರಟವು. ಬಂದೆನು, ಬಾರೆನು, ಬೇಡಿದೆನು, ಹಸಿದಿದ್ದೇನೆ, ಹೆದರುತ್ತೇನೆ, ಮರೆತೆನು, ಮರೆಯಲಾರೆನು, ಪ್ರೀತಿಸುತ್ತೇವೆ, ಪ್ರೀತಿಸುತ್ತೇವೆ, ಪ್ರೀತಿಸುತ್ತೇವೆ ಎಂದು, ತೀರಿಹೋದ ಸಾಧಕರ ದನಿಗಳೂ ಬದುಕಿರುವವರ ದನಿಗಳೂ ಬೆರೆತು, ಬಂಡೆಯಿಂದ ಬಂಡೆಗೆ ಮಾರ್ದನಿಸಿ, ಬಿಳಿಯ ಪಾರಿವಾಳಗಳ ಹಿಂಡಿನಂತೆ ಸಾಲಿನ ಮೇಲೆಲ್ಲ ಸುತ್ತಿದವು. ಮುಪ್ಪಿನ ಸಂನ್ಯಾಸಿಗಳು ಯೌವನದಲ್ಲಿ ತಾವು ಆಡದೆ ಬಿಟ್ಟ ಮಾತನ್ನು ತಮ್ಮದೇ ಎಳೆಯ ದನಿಯಲ್ಲಿ ಕೇಳಿ ನೆಲಕ್ಕೊರಗಿದರು. ಸಾರಿನ ಉಪ್ಪಿನ ವಿಷಯವೂ ಆ ಮಹಾಘೋಷದಲ್ಲಿ ಎಲ್ಲೋ ಇತ್ತೆಂದು, ಹಾಕಿಲ್ಲವೆಂದೇ ಇತ್ತೆಂದು ಅಡಿಗೆಯವರು ಕೊನೆಯವರೆಗೂ ಸಾಧಿಸುತ್ತಿದ್ದರು. ಪರಿಶೇಷ ಸ್ವಾಮಿಗಳ ಕೈಯಿಂದ ಕೊಡೆ ಜಾರಿತು. ಅವರು ಕೇಳಿದ್ದೇನೆಂಬುದನ್ನು ಅವರು ಯಾರಿಗೂ ತಿಳಿಸಲಿಲ್ಲ. ಮಹಾಸಭೆಯ ಹಿತ್ತಾಳೆಯ ಮುಚ್ಚಳ ಉರುಳಿ ಕಣಿವೆಗೆ ಬಿದ್ದು, ಬಹಳ ಹೊತ್ತು ಠಣಠಣವೆನ್ನುತ್ತ ಹೋಯಿತು.

ಬೊಮ್ಮಿ ಆ ದನಿಗಳ ನಡುವೆ ಕಾಟನ 'ಹೋಗಿ'ಯ ಮುಂದಿನ ಮಾತನ್ನು ಹುಡುಕಿದಳು. ಅದು ಇರಲಿಲ್ಲ.

ಆಮೇಲೆ ಎಲ್ಲವೂ ಅಡಗಿ, ಬಿರುಕಿನ ಆಳದಿಂದ, ಗಂಡಿನದೂ ಅಲ್ಲದ ಹೆಣ್ಣಿನದೂ ಅಲ್ಲದ, ಕಲ್ಲಿಗೆ ದನಿಯಿದ್ದರೆ ಹೇಗೋ ಹಾಗಿದ್ದ ವಾಣಿಯೊಂದು ಎದ್ದಿತು:

"ಮಕ್ಕಳೇ, ನೀವು ಕೊಟ್ಟದ್ದನ್ನೆಲ್ಲ ಇಷ್ಟು ಕಾಲ ಹೊತ್ತಿದ್ದೆನು. ಅವು ನನ್ನವಲ್ಲ, ಹಿಂದಕ್ಕೆ ತೆಗೆದುಕೊಳ್ಳಿರಿ. ಎಲೆಗನು ಬಾಣ ಬಿಟ್ಟಾಗ ಕೊಲ್ಲುವುದೋ ಉಳಿಸುವುದೋ ನನ್ನ ಕೈಯಲ್ಲಿರಲಿಲ್ಲ. ಜಿಂಕೆ ಒಂದು ಹೆಜ್ಜೆ ಸರಿಯಿತು, ಅಷ್ಟೇ. ಮಗಳೇ, ಆ ಮಾತಿನದೇನನ್ನೂ ನಿನ್ನ ಗಂಡನು ನನ್ನಲ್ಲಿ ಇಟ್ಟಿಲ್ಲ. ಅವನಲ್ಲಿ ಇರಲಿಲ್ಲ. ಅವನು ಬಿಟ್ಟ ಜಾಗ ಬರಿದಾಗಿದೆ. ಅದು ಕೇಳಿಸಿಕೊಂಡವಳದು. ಮುಗಿಸು."

ದೇವರು ಪ್ರತಿಯೊಂದು ಮಾತನ್ನೂ ಪೂರ್ತಿಯಾಗಿ ಆಡಿದ್ದನ್ನು ಶಿಷ್ಯವೃಂದವು ಗಮನಿಸದೆ ಇರಲಿಲ್ಲ.

ಬೊಮ್ಮಿ ಬಂಡೆಯನ್ನು ಹಿಡಿದು ಎದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಬರ್ತೀನಿ ಎಂದು ಮುಗಿಸುವಳೆಂದು ಕೆಲವರು, ಬರಲ್ಲ ಎಂದು ಕೆಲವರು, ಎರಡರಲ್ಲಿ ಒಂದನ್ನು ಕಾಟನ ತಲೆಗೆ ಕಟ್ಟುವಳೆಂದು ಎಲ್ಲರೂ ಎಣಿಸಿದ್ದರು. ಅವಳು ಕಾಟನ ಮುಖವನ್ನು ನೋಡಿದಳು, ಆಮೇಲೆ ಅವನಾಚೆ, ಕಣಿವೆಯ ತಳದಲ್ಲಿ ಹೊಗೆಯಿಲ್ಲದೆ ನಿಂತಿದ್ದ ಒಂದು ಗೂಡನ್ನು ನೋಡಿದಳು. ಆ ಮಾತನ್ನು, ಮೊದಲಿನಿಂದ, ತನ್ನ ಬಾಯಲ್ಲಿ ಆಡಿದಳು:

"ನಾನು ಹೋಗಿ ಗೂಡು ಹೊತ್ತಿಸ್ತೀನಿ."

ಆ ಕ್ರಿಯಾಪದವು ಅವಳ ತುಟಿಯನ್ನು ದಾಟಿದ ಕ್ಷಣವೇ, ಜಿಂಕೆ ಎಂದೋ ನಾಲಿಗೆಯಿಂದ ಹುಡುಕಿದ್ದ ನೀರು, ಬಿರುಕಿನಿಂದ ತೋಳುಗಾತ್ರವಾಗಿ ಚಿಮ್ಮಿತು. ಮೊದಲು ಅವಳ ಪಾದಗಳನ್ನು ತೊಳೆದು, ಆಮೇಲೆ ಪಕ್ಕದಲ್ಲಿದ್ದ ಬುಟ್ಟಿಗೆ ನುಗ್ಗಿತು. ನೀರು ಕಾಣದೆ ಕಾದಿದ್ದ ಆ ಸುಣ್ಣದ ಕಲ್ಲುಗಳು ಒಮ್ಮೆಲೇ ಸೀಳಿ, ಅರಳಿ, ಕೊತಕೊತನೆ ಕುದಿದು, ಬಿಳಿಯ ಆವಿಯ ಸ್ತಂಭವೊಂದು ಗಗನಕ್ಕೇರಿತು. ಬೆಂಕಿಯಿಲ್ಲದೆ ಸುಣ್ಣ ಕುದಿಯುವುದು ಸುಣ್ಣದವರಿಗೆ ದಿನನಿತ್ಯದ ನೋಟ. ಆದರೂ ಅಂದು ಅವರೇ ಎಲ್ಲರಿಗಿಂತ ಮೊದಲು ಅಡ್ಡಬಿದ್ದರು. ಬುಟ್ಟಿಯಿಂದ ಉಕ್ಕಿದ ಹಾಲಿನಂಥ ಸುಣ್ಣವು ಶಿಲೆಯ ಮೈಮೇಲೆ ಹಾರಿ, ಬಿರುಕಿನ ಉದ್ದಕ್ಕೂ ಹರಿದು, ಅಲ್ಲಿಯೇ ಕಲ್ಲಾಯಿತು.

ಪರಿಶೇಷ ಸ್ವಾಮಿಗಳ ಬಲಗೈ ಅಭ್ಯಾಸದಂತೆ ಆಕಾಶಕ್ಕೆ ಏಳತೊಡಗಿತ್ತು. ಅದು ನಡುವೆ ನಿಂತು, ತಿರುಗಿ, ಅಂಗೈ ಬೊಮ್ಮಿಯ ಕಡೆಗೆ ಚಾಚಿಕೊಂಡಿತು. ಒಬ್ಬೊಬ್ಬರಾಗಿ ಉಳಿದ ಸಂನ್ಯಾಸಿಗಳ ಕೈಗಳೂ ಹಾಗೆಯೇ ತಿರುಗಿದವು. ಆ ಮಠದ ದರ್ಶನದಲ್ಲಿ ಆದ ಬದಲಾವಣೆ ಇಷ್ಟೇ. ಅದರ ಮೇಲೆ ಬರೆದ ಭಾಷ್ಯಗಳು ಒಂದು ಕೋಣೆ ತುಂಬ ಇವೆ.

ಬೊಮ್ಮಿ ನೀರು ಕುಡಿದಳು. ಚೌಡವ್ವನಿಗೂ ಕುಡಿಸಿದಳು. ಕಾಟನು ಮುಂದೆ ಬಂದು, ಬರಿದಾದ ಬುಟ್ಟಿಯನ್ನು ನೀರಿನಲ್ಲಿ ಅಲುಬಿ, ಗೂಡಿನ ಬಳಿ ಪ್ರತಿ ಬೆಳಿಗ್ಗೆ ಎತ್ತಿಡುತ್ತಿದ್ದಂತೆ, ಅವಳ ತಲೆಯ ಮೇಲೆ ಎತ್ತಿಟ್ಟನು. ಸಿಂಬಿ ಸರಿಯಾಗಿ ಕೂರುವಂತೆ ಅವಳು ಕತ್ತನ್ನು ಸ್ವಲ್ಪ ವಾಲಿಸಿದಳು. ಚೌಡವ್ವ ಮಗನ ಗಲ್ಲ ಹಿಡಿದು, "ಇಷ್ಟಾದರೂ ಪೂರ್ತಿ ಮಾಡಿದೆಯಲ್ಲಪ್ಪಾ" ಎಂದು, ಮತ್ತೆ ಯಾರದೋ ಬೆನ್ನೇರಿದಳು.

ಹಟ್ಟಿಯಲ್ಲಿ ಯಜಮಾನನು ಗೂಡಿನ ಮುಂದೆ ಅಡ್ಡ ನಿಂತು ಕೇಳಿದನು: "ಯಾರ ಹೆಸರಿಗವ್ವಾ ಬೆಂಕಿ?"

"ಹೊತ್ತಿಸಿದೋರ ಹೆಸರಿಗೆ" ಎಂದಳು ಬೊಮ್ಮಿ. ಕೋಳಿಯ ಮೊಟ್ಟೆಗಳನ್ನು ಜೋಪಾನವಾಗಿ ತೆಗೆದು ಅವನ ಕೈಗೆ ಕೊಟ್ಟು, ಕೊಳ್ಳಿ ಇಟ್ಟಳು. ಎರಡು ಕೈ ತುಂಬ ಮೊಟ್ಟೆ ಹಿಡಿದ ಮನುಷ್ಯನು ನ್ಯಾಯ ಹೇಳಲಾಗದೆ ಪಕ್ಕಕ್ಕೆ ಸರಿದನು. ಆ ಸಂಜೆ ಮಾತುಳಿದ ಬೆಟ್ಟದವರು ಪ್ರಾರ್ಥನೆಗೆ ನಿಂತಾಗ, ಕೆಳಗಿನಿಂದ ಹೊಗೆಯೊಂದು ನೆಟ್ಟಗೆ ಏರಿ ಬರುತ್ತಿತ್ತು. ಮಿತಬೋಧನು ಬಹಳ ಹೊತ್ತು ಅದನ್ನು ನೋಡುತ್ತಿದ್ದನು.

ಮಹಾಸಭೆಯು ಶೇಷಮಠ ವ್ರತ ಮುರಿದದ್ದನ್ನು ವಿಚಾರಿಸಲು ಕೂಡಿ, ಮುರಿದವರು ಮಠದವರಲ್ಲದ ಹೆಂಗಸೊಬ್ಬಳು ಮತ್ತು ದೇವರು ಎಂದು ಕಂಡು, ಇಬ್ಬರ ಮೇಲೂ ತನಗೆ ಅಧಿಕಾರವಿಲ್ಲವೆಂದು ಎದ್ದುಹೋಯಿತು. ಬೊಮ್ಮಿ ಆಮೇಲೆ ಕೂಡಿಕೆ ಮಾಡಿಕೊಂಡಳೇ ಎಂದು ಯಾತ್ರಿಕರು, ಅದರಲ್ಲೂ ಹೆಣ್ಣುಮಕ್ಕಳು, ಕೇಳದೆ ಬಿಡುವುದಿಲ್ಲ. ಹಟ್ಟಿಯಲ್ಲಿ ಮಾಡಿಕೊಂಡಳೆನ್ನುವ ಮನೆಗಳೂ ಇವೆ, ಇಲ್ಲವೆನ್ನುವ ಮನೆಗಳೂ ಇವೆ. ಅವಳ ಸುಣ್ಣ ಬಹಳ ಬೆಳ್ಳಗಿತ್ತೆನ್ನುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಇಂದಿಗೂ ಆನೆ ಮಲಗಿದಂತಿರುವ ಆ ಶಿಲೆಯ ಮೇಲೆ, ಬಾಣದ ಗುರುತಿನಿಂದ ಬುಡದವರೆಗೆ, ಎಷ್ಟು ಮಳೆ ಬಿದ್ದರೂ ಮಾಸದ ಬಿಳಿಯ ಪಟ್ಟೆಯನ್ನು ಕಾಣಬಹುದು. ಅದರಡಿಯಲ್ಲಿ ಹರಿಯುವ ಚಿಲುಮೆಗೆ ಕ್ರಿಯಾತೀರ್ಥವೆಂದು ಹೆಸರು. ಬೇಸಿಗೆಯ ನಡುವೆ, ಬಾವಿಗಳ ತಳ ಕಾಣುವ ಕಾಲಕ್ಕೆ ಬರುವ ಹುಣ್ಣಿಮೆಯ ಮಧ್ಯಾಹ್ನ, ಹಟ್ಟಿಯ ಹೆಂಗಸೊಬ್ಬಳು ಆ ವರ್ಷದ ಮೊದಲ ಸುಣ್ಣವನ್ನು ಹೊತ್ತು ತಂದು ಬಂಡೆಯ ಬುಡದಲ್ಲಿಡುತ್ತಾಳೆ. ಸಂನ್ಯಾಸಿಯೊಬ್ಬನು ಬುಟ್ಟಿಗೆ ತೀರ್ಥವನ್ನು ಸುರಿಯುತ್ತಾನೆ. ಸುಣ್ಣ ಕುದಿದು ಆವಿ ಏಳುವಾಗ ನೆರೆದ ಜನ ತಮ್ಮ ತಮ್ಮ ಬಾಳಿನಲ್ಲಿ ಅರ್ಧಕ್ಕೆ ನಿಂತ ಮಾತುಗಳನ್ನು ಗಟ್ಟಿಯಾಗಿ ಮುಗಿಸುತ್ತಾರೆ. ಆ ಗದ್ದಲದಲ್ಲಿ ಯಾರದು ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಸಂಕೋಚಪಡಬೇಕಾಗಿಲ್ಲ. ಅಣ್ಣತಮ್ಮಂದಿರು, ಅತ್ತೆಸೊಸೆಯರು, ಸತ್ತವರಿಗೆ ಹೇಳಬೇಕಾದದ್ದನ್ನು ಹೇಳದೆ ಉಳಿದವರು, ಎಲ್ಲರೂ ಬರುತ್ತಾರೆ. ಆವಿ ತಿಳಿಯಾದ ಮೇಲೆ ಅವರ ಮುಖಗಳನ್ನು ನೋಡುವುದೇ ಒಂದು ದರ್ಶನ.

ಹಬ್ಬಕ್ಕೆ ಬರಲಾಗದವರು ಬೇರೆ ದಿನ ಬಂದರೂ ಬರಿಗೈಯಲ್ಲಿ ಹೋಗಬೇಕಾಗಿಲ್ಲ. ತೀರ್ಥ ಕುಡಿದು ನೀವು ಹೊರಡಲು ಎದ್ದಾಗ, ಬಾಗಿಲಲ್ಲಿರುವ ಸಂನ್ಯಾಸಿಯು ನಿಮ್ಮ ಮುಖ ನೋಡಿ "ಹೋಗಿ" ಎನ್ನುತ್ತಾನೆ. ಮೊದಲ ಸಲ ಬಂದವರು ತಮ್ಮನ್ನು ಅಟ್ಟುತ್ತಿದ್ದಾನೆಂದು ತಿಳಿದು ಗಾಬರಿಯಿಂದ ಚಪ್ಪಲಿ ಹುಡುಕುವುದುಂಟು. ಅಟ್ಟುತ್ತಿಲ್ಲ. ಅವನ ಬಲಗೈಯನ್ನು ನೋಡಿರಿ. ಅದು ಆಕಾಶದ ಕಡೆಗಿಲ್ಲ; ಅಂಗೈ ಬಿಚ್ಚಿಕೊಂಡು ನಿಮ್ಮ ಕಡೆಗೆ ಚಾಚಿದೆ. ನೀವು ಮಾತು ಮುಗಿಸುವವರೆಗೂ ಅದು ಹಾಗೆಯೇ ಇರುತ್ತದೆ. ಅವನಿಗೆ ಅವಸರವಿಲ್ಲ.